ಸೀತಾಲಕ್ಷ್ಮಿಯ ಸೈಕಲ್ಲು ಮತ್ತು ಬಿಳಿ ವೈರು

ತುಮಕೂರು ರಸ್ತೆಯಲ್ಲಿ ನಿಧಾನವಾಗಿ ಹೋಗುವುದಕ್ಕೆ ಗಟ್ಟಿ ಎದೆ ಬೇಕು. ಜೋರಾಗಿ ಹೋಗುವವರಿಗೆ ಅಂಥದ್ದೇನೂ ಬೇಕಾಗಿಲ್ಲ, ಹಿಂದಿನವರ ಹಾರ್ನೇ ನೂಕಿಕೊಂಡು ಹೋಗಿ ಪೀಣ್ಯ ಮುಟ್ಟಿಸಿಬಿಡುತ್ತದೆ. ಬೆಳಗಿನ ಶಿಫ್ಟಿನ ಹೊತ್ತಿಗೆ ನಾಗಸಂದ್ರದ ಕಡೆಯಿಂದ ಹೊರಡುವ ಬೈಕು, ಟೆಂಪೋ, ಕಂಪನಿ ಬಸ್ಸುಗಳ ನಡುವೆ, ಸರ್ವಿಸ್ ರಸ್ತೆಯ ಎಡ ಅಂಚು ಹಿಡಿದು, ಚೂಡಿದಾರದ ಮೇಲೆ ಕಾರ್ಖಾನೆಯ ನೀಲಿ ಕೋಟು ತೊಟ್ಟು, ತಲೆಗೆ ಹಳದಿ ಹೆಲ್ಮೆಟ್ಟು ಹಾಕಿಕೊಂಡು ಸೈಕಲ್ಲಿನಲ್ಲಿ ಹೋಗುವ ಹೆಂಗಸೊಬ್ಬಳಿದ್ದಾಳೆ. ವಯಸ್ಸು ಐವತ್ತು ದಾಟಿದೆ. ಪೆಡಲ್ ತುಳಿಯುವುದು ಅಪರೂಪ, ಆದರೂ ಸೈಕಲ್ಲು ಮುಂದೆ ಹೋಗುತ್ತಿರುತ್ತದೆ. ಯಾರು ಎಷ್ಟು ಹಾರ್ನ್ ಹೊಡೆದರೂ ತಿರುಗಿ ನೋಡುವುದಿಲ್ಲ. ಅವಳೇ ಸೀತಾಲಕ್ಷ್ಮಿ.

ಅವಳು ಬೆಳೆದದ್ದು ಸರ್ಕಾರಿ ಕಾರ್ಖಾನೆಯೊಂದರ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲೇ ಕೆಲಸಕ್ಕಿದ್ದ, ಕೈಹಿಡಿದ ಗಂಡ ಉಪೇಂದ್ರನೂ ಅದೇ ಕಾರ್ಖಾನೆಯ ಫಿಟ್ಟರ್. ಮುಂದೆ ಕಾರ್ಖಾನೆ ಬಾಗಿಲು ಹಾಕಿತು. ಉಪೇಂದ್ರ ಸ್ವಯಂನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತ. ಕೈ ಸುಮ್ಮನಿರದ ಮನುಷ್ಯ, ಬೀದಿಯವರ ಮಿಕ್ಸಿ, ಫ್ಯಾನು, ಪಂಪುಗಳನ್ನೆಲ್ಲ ಬಿಚ್ಚಿ ಹರಡಿಕೊಂಡು ಕೂರುತ್ತಿದ್ದ. ಸೀತಾಲಕ್ಷ್ಮಿ ಪೀಣ್ಯದ ಸಣ್ಣ ಕಾರ್ಖಾನೆಯೊಂದಕ್ಕೆ ಸೇರಿದಳು. ಲೇತಿನಿಂದ ಬಂದ ಬಿಡಿಭಾಗಗಳನ್ನು ಅಳತೆಯ ಗೇಜಿಗೆ ಹಾಕಿ ನೋಡುವುದು ಅವಳ ಕೆಲಸ. ಒಳಗೆ ಹೋದರೆ ಈ ಟ್ರೇ, ಹೋಗದಿದ್ದರೆ ಆ ಟ್ರೇ. ಸುಮಾರಾಗಿ ಹೋಯಿತು ಎನ್ನುವ ಮಾತು ಆ ಟೇಬಲ್ಲಿನ ಮೇಲೆ ನಡೆಯುವುದಿಲ್ಲ.

ಕೆಲಸ ಕಷ್ಟವಾಗಿರಲಿಲ್ಲ, ಕೆಲಸಕ್ಕೆ ಹೋಗಿ ಬರುವುದು ಕಷ್ಟವಾಗಿತ್ತು. ಬಸ್ಸಿನಲ್ಲಿ ನಿಂತರೆ ಮಂಡಿ ಹಿಡಿದುಕೊಳ್ಳುತ್ತಿತ್ತು. ಮೆಟ್ರೋ ಇಳಿದ ಮೇಲೂ ಕಾರ್ಖಾನೆಗೆ ಬಹಳ ನಡೆಯಬೇಕು. ಉಪೇಂದ್ರ ತನ್ನ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದ ನಿಜ, ಆದರೆ ಬಿಟ್ಟು ಬರುವಾಗಲೆಲ್ಲ ‘ಬೇಗ ಬೇಗ’ ಎಂದು ಅವಳ ಪ್ರಾಣ ತಿನ್ನುತ್ತಿದ್ದ. ಸಂಜೆ ಅವನ ಪುರುಸೊತ್ತಿಗೆ ಗೇಟಿನಲ್ಲಿ ಕಾಯಬೇಕು. ಸ್ಕೂಟರ್ ಕಲಿಯಲು ಹೋದಳು. ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟು ಹಾಕುವಾಗ ಕಾಲು ನೆಲಕ್ಕೆ ತಾಗಿತು. ಇನ್ನೊಂದು ಸಲ ಹೋದಳು, ಇನ್ನೊಂದು ಸಲವೂ ತಾಗಿತು. ಅಲ್ಲಿಗೆ ಸಾಕಪ್ಪಾ ಸಾಕು ಎಂದು ಕೈಮುಗಿದು ಬಂದಳು.

ಸೈಕಲ್ ಮಾತ್ರ ಅವಳಿಗೆ ಯಾವತ್ತೂ ಕೈಕೊಟ್ಟಿರಲಿಲ್ಲ. ಕ್ವಾರ್ಟರ್ಸಿನ ಮೈದಾನದಲ್ಲಿ ಲಂಗ ಎತ್ತಿ ಕಟ್ಟಿ ಕಲಿತ ವಿದ್ಯೆ ಅದು. ಅಂಗಡಿಯೊಂದರ ಮುಂದೆ ಮೋಟರ್ ಕೂರಿಸಿದ ಸೈಕಲ್ಲು ನೋಡಿದಾಗ ಅವಳು ಬಣ್ಣ ಕೇಳಲಿಲ್ಲ, ಪೊಲೀಸರು ಹಿಡಿಯುತ್ತಾರಾ ಎಂದು ಕೇಳಿದಳು. ಮೋಟರಿನ ಶಕ್ತಿ ಕಮ್ಮಿ, ವೇಗ ಇಪ್ಪತ್ತೈದು ದಾಟುವುದಿಲ್ಲ, ಹಾಗಾಗಿ ಕಾನೂನಿನ ಪ್ರಕಾರ ಇದು ಸೈಕಲ್ಲೇ, ಲೈಸೆನ್ಸ್ ಬೇಡ, ನಂಬರ್ ಬೇಡ ಎಂದ ಅಂಗಡಿಯವನು. ಮಾರುವವನ ಮಾತು ನಂಬಬಾರದೆಂದು ಆರ್‌ಟಿಓ ಕಚೇರಿಗೂ ಹೋಗಿ ಕೇಳಿದಳು. ಅಲ್ಲಿಯೂ ಹೌದೆಂದರು. ಅವತ್ತೇ ಸೈಕಲ್ಲು ಮನೆಗೆ ಬಂತು. ಮೊದಲ ದಿನ ಒಬ್ಬಳೇ ಕಾರ್ಖಾನೆಯ ಗೇಟು ಮುಟ್ಟಿದಾಗ, ನಾಚಿಕೆಯಿಲ್ಲದೆ ಹೇಳಬೇಕೆಂದರೆ, ಅವಳಿಗೆ ಕುಣಿಯಬೇಕೆನಿಸಿತು.

ಅಂಗಡಿಯವನಿಗೆ, ಆರ್‌ಟಿಓದವರಿಗೆ ಗೊತ್ತಿದ್ದರೆ ಸಾಲದು, ರಸ್ತೆಯಲ್ಲಿ ನಿಂತವರಿಗೂ ಗೊತ್ತಿರಬೇಕಲ್ಲ. ದಾಸರಹಳ್ಳಿಯ ಹತ್ತಿರ, ಮೆಟ್ರೋ ಕಂಬದ ನೆರಳಲ್ಲಿ ಟ್ರಾಫಿಕ್ ಕಾನ್‌ಸ್ಟೇಬಲ್ ಶಿವರಾಜ್ ಕೈ ಅಡ್ಡ ಹಾಕಿದ.

“ಅಮ್ಮಾ, ಪೆಡಲ್ ತುಳೀದೆ ಹೋಗ್ತಾ ಇದೆ ಗಾಡಿ. ನಂಬರ್ ಪ್ಲೇಟ್ ಎಲ್ಲಿ?”

“ಸಾರ್, ಇದು ಸೈಕಲ್ಲು. ಇಪ್ಪತ್ತೈದು ದಾಟಲ್ಲ. ಇದಕ್ಕೆ ನಂಬರ್ ಇರಲ್ಲ ಸಾರ್.”

“ಎಲ್ರೂ ಹಂಗೇ ಹೇಳ್ತಾರೆ.”

“ನನ್ನ ಮಾತು ನಂಬಬೇಡಿ. ಹತ್ತಿ ಓಡಿಸಿ ನೋಡಿ.”

ಶಿವರಾಜ್ ಅತ್ತಿತ್ತ ನೋಡಿದ. ಖಾಕಿ ಪ್ಯಾಂಟು, ಬಿಳಿ ಅಂಗಿ, ತಲೆಗೆ ಟೋಪಿ, ಸಾಲದ್ದಕ್ಕೆ ಲೇಡೀಸ್ ಸೈಕಲ್ಲು. ಹೂವಿನ ಬೈರಮ್ಮ ಅದೇ ಕಂಬದ ಬುಡದಲ್ಲಿ ಕೂತು ಕಾಕಡ ಕಟ್ಟುವವಳು, ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಶಿವರಾಜ್ ತನ್ನ ಮೊಬೈಲಿನಲ್ಲಿ ವೇಗ ತೋರಿಸುವ ಆಪ್ ಹಾಕಿಕೊಂಡು ಸರ್ವಿಸ್ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದ. ಹ್ಯಾಂಡಲ್ಲಿನ ಹಿಡಿ ಎಷ್ಟು ತಿರುವಿದರೂ ಸೈಕಲ್ಲು ಇಪ್ಪತ್ತನಾಲ್ಕರಲ್ಲೇ ತನ್ನ ಪಾಡಿಗೆ ತಾನು ಸಾಗಿತ್ತು. ಇಳಿದು, ಸೀಟು ಒರೆಸಿ ಕೊಟ್ಟ. “ಎಮ್ಮೆ ಇದಕ್ಕಿಂತ ಜೋರಾಗಿ ಹೋಗುತ್ತೆ ಕಣಮ್ಮ. ಹೋಗಿ ಬನ್ನಿ.”

ಅಂದಿನಿಂದ ಬೇರೆ ಪೊಲೀಸರು ಅವಳನ್ನು ನಿಲ್ಲಿಸಿದಾಗಲೆಲ್ಲ ಶಿವರಾಜ್ ದೂರದಿಂದಲೇ ಕೈ ಎತ್ತಿ ಕೂಗುತ್ತಿದ್ದ. “ಬಿಡಿ ಸಾರ್, ನಾನೇ ಓಡಿಸಿ ನೋಡಿದೀನಿ.” ಸೀತಾಲಕ್ಷ್ಮಿಗೆ ಇದು ಯಾವ ಲೈಸೆನ್ಸಿಗಿಂತಲೂ ದೊಡ್ಡದಾಗಿತ್ತು. ಅವಳೂ ಆ ಮಾತಿಗೆ ತಕ್ಕಂತೆ ನಡೆದಳು. ರಾಂಗ್ ಸೈಡಿಗೆ ಒಂದು ಮಾರು ಕೂಡ ಇಳಿಯುತ್ತಿರಲಿಲ್ಲ. ಸಿಗ್ನಲ್ಲಿನಲ್ಲಿ ಬಿಳಿ ಗೆರೆಯ ಹಿಂದೆ ನಿಲ್ಲುತ್ತಿದ್ದಳು, ತಿರುಗುವಾಗ ಕೈ ಚಾಚುತ್ತಿದ್ದಳು, ಮೇಲ್ಸೇತುವೆಯ ಕಡೆ ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಕಾರ್ಖಾನೆಗೆ ದಿನವೂ ಒಂದು ಚೂರು ತಡವಾಗುತ್ತಿತ್ತು. ಬೈರಮ್ಮ ಅದನ್ನೇ ಹಿಡಿದುಕೊಂಡು ರೇಗಿಸುತ್ತಿದ್ದಳು. “ಏನಕ್ಕಾ, ಇವತ್ತೂ ಲೇಟಾ?”

ಆಯುಧಪೂಜೆ ಬಂತು. ಪೀಣ್ಯದವರಿಗೆ ವರ್ಷದಲ್ಲಿ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಉಪೇಂದ್ರನಿಗಂತೂ ಕಾರ್ಖಾನೆ ಮುಚ್ಚಿದ ಮೇಲೆ ಉಳಿದಿರುವುದು ಅದೊಂದೇ ಹಬ್ಬ. ಹಿಂದಿನ ದಿನ ಮನೆಯ ಸ್ಪ್ಯಾನರು, ಇಕ್ಕಳ, ಹೊಲಿಗೆ ಮೆಷಿನ್ನು, ಮಿಕ್ಸಿ ಎಲ್ಲವನ್ನೂ ಅಂಗಳಕ್ಕೆ ತಂದು, ಬಿಚ್ಚಬಹುದಾದದ್ದನ್ನೆಲ್ಲ ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಮತ್ತೆ ಕೂಡಿಸಬೇಕು. ಮೇಲೆ ಮಾತ್ರ ಒರೆಸಿ ಕುಂಕುಮ ಇಡುವುದು ಅವನ ಪ್ರಕಾರ ಪೂಜೆಯೇ ಅಲ್ಲ. ಹೆಂಡತಿಯ ಸೈಕಲ್ಲನ್ನೂ ಹಾಗೇ ಬಿಚ್ಚಿದ. ಮರುದಿನ ಬೆಳಗ್ಗೆ ಹ್ಯಾಂಡಲ್ಲಿಗೆ ಬಾಳೆಕಂದು ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆದು ಪೂಜೆಯಾಯಿತು.

ಹಬ್ಬ ಮುಗಿಸಿ ಕೆಲಸಕ್ಕೆ ಹೊರಟ ದಿನ ಸೈಕಲ್ಲು ಗಾಳಿಯ ಹಾಗೆ ಹೋಯಿತು. ಬೈಕಿನವರು ಹಿಂದೆ ಹಾರ್ನ್ ಹೊಡೆಯಲಿಲ್ಲ. ಗೇಟಿಗೆ ಮುಟ್ಟಿದಾಗ ಟೀ ಕುಡಿಯುವಷ್ಟು ಹೊತ್ತು ಮಿಕ್ಕಿತ್ತು. ಸಂಜೆ ಗಂಡನನ್ನು ಕೇಳಿದಳು. “ಏನ್ರೀ ಮಾಡಿದ್ರಿ ಅದಕ್ಕೆ? ಹಾರ್ಕೊಂಡ್ ಹೋಗುತ್ತೆ.”

“ಚೈನಿಗೆ, ಬೇರಿಂಗಿಗೆ ಎಣ್ಣೆ ಹಾಕಿದೀನಿ ಕಣೇ. ಗಾಡಿ ಅಂದ್ರೆ ನೋಡ್ಕೋಬೇಕು.”

ಸೀತಾಲಕ್ಷ್ಮಿ ಒಪ್ಪಿಕೊಂಡಳು. ಆ ಸೈಕಲ್ಲಿಗೆ ವೇಗ ತೋರಿಸುವ ಮೀಟರ್ ಇರಲಿಲ್ಲ, ಬ್ಯಾಟರಿಯ ಮೂರು ದೀಪ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೆ ಮೀಟರ್ ಇಲ್ಲದಿದ್ದರೇನು, ಮುಖಕ್ಕೆ ಬಡಿಯುವ ಗಾಳಿ ಇರಲಿಲ್ಲವೇ? ಎಣ್ಣೆಗೆ ಇಷ್ಟು ಓಡುವ ಶಕ್ತಿ ಇದ್ದಿದ್ದರೆ ಪೀಣ್ಯದ ಮೆಷಿನ್ನುಗಳೆಲ್ಲ ಯಾವತ್ತೋ ಆಕಾಶಕ್ಕೆ ಹಾರಬೇಕಿತ್ತು. ಇಡೀ ದಿನ ಗೇಜು ಹಿಡಿದು ಕೂರುವವಳಿಗೆ ಇದು ಹೊಳೆಯದೆ ಇರಲಿಲ್ಲ. ಹೊಳೆದದ್ದನ್ನು ಒಳಗೇ ಒತ್ತಿ ಇಟ್ಟಳು. ಇಷ್ಟು ವರ್ಷ ಎಲ್ಲರಿಂದ ಬೈಸಿಕೊಂಡು ಅಂಚಿನಲ್ಲಿ ಹೋದವಳು, ನಾಲ್ಕು ದಿನ ಎಲ್ಲರ ಹಾಗೆ ಹೋದರೆ ಏನು ಮಹಾ ಎನಿಸಿತು. ಟೀ ಬೇರೆ ಚೆನ್ನಾಗಿತ್ತು.

ದೀಪಾವಳಿಗೆ ಮುಂಚಿನ ಒಂದು ಬೆಳಗ್ಗೆ ದಾಸರಹಳ್ಳಿಯ ಹತ್ತಿರ ಬಸ್ಸೊಂದು ನಿಂತಿತ್ತು. ಬೈರಮ್ಮ ತಲೆಯ ಮೇಲೆ ಹೂವಿನ ಬುಟ್ಟಿ ಹೊತ್ತು, ಬಸ್ಸಿಳಿದು, ಎಂದಿನಂತೆ ತನ್ನ ಕಂಬದ ಕಡೆ ಹೆಜ್ಜೆ ಹಾಕಿದಳು. ಸೀತಾಲಕ್ಷ್ಮಿ ಎರಡೂ ಬ್ರೇಕು ಹಿಡಿದಳು. ಮೊದಲಾಗಿದ್ದರೆ ಸೈಕಲ್ಲು ಅಲ್ಲೇ ನಿಲ್ಲುತ್ತಿತ್ತು. ಈಗ ನಿಲ್ಲಲಿಲ್ಲ, ರಬ್ಬರ್ ಕಿರ್‍ರೆಂದು ಸದ್ದು ಮಾಡುತ್ತ ಮುಂದಕ್ಕೇ ಜಾರಿತು. ಹ್ಯಾಂಡಲ್ಲು ಬೈರಮ್ಮನ ಸೊಂಟಕ್ಕೆ ತಾಗಿತು. ಬುಟ್ಟಿ ಬಿತ್ತು, ಬೈರಮ್ಮ ಮೊಣಕೈ ಊರಿ ಕುಸಿದಳು, ಹೂವೆಲ್ಲ ರಸ್ತೆಯ ಪಾಲಾಯಿತು.

ಜನ ಸೇರಿದರು. “ಏನ್ ಸ್ಪೀಡು ಗುರು!” ಎಂದ ಯಾರೋ ಒಬ್ಬ. ಅಷ್ಟರಲ್ಲಿ ಶಿವರಾಜ್ ಓಡಿ ಬಂದ. ಬೈರಮ್ಮನನ್ನು ಎತ್ತಿ ಕೂರಿಸಿ, ಮೊಣಕೈ ನೋಡಿ, ತರಚಿದೆ ಅಷ್ಟೇ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಜನರ ಕಡೆ ತಿರುಗಿದ.

“ಯಾರ್ರೀ ಸ್ಪೀಡು ಅಂದಿದ್ದು? ಈ ಗಾಡಿ ಇಪ್ಪತ್ತೈದು ದಾಟಲ್ಲ. ನಾನೇ ಓಡಿಸಿ ನೋಡಿದೀನಿ. ಬೈರಮ್ಮ, ಬಸ್ ಇಳ್ಯೋವಾಗ ಕಣ್ಣು ಎಲ್ಲಿಟ್ಟಿರ್ತೀಯಾ? ಎಷ್ಟು ಸಲ ಹೇಳೋದು ನಿಂಗೆ?”

ಬೈರಮ್ಮ ಸೀತಾಲಕ್ಷ್ಮಿಯ ಮುಖವನ್ನೇ ನೋಡಿದಳು. “ಇಲ್ಲ ಸಾಮಿ, ಅಕ್ಕ ಜೋರಾಗೇ ಬಂದ್ರು. ದಿನಾ ಇಂಗೆ ಬರ್‍ತಿರ್‍ಲಿಲ್ಲ.”

“ಸುಮ್ನಿರು. ನಂಗೊತ್ತಿಲ್ವಾ?”

ಸೀತಾಲಕ್ಷ್ಮಿ ಸೈಕಲ್ಲನ್ನು ಕಂಬಕ್ಕೆ ಒರಗಿಸಿದಳು. ಬಗ್ಗಿ ಹೂವು ಆರಿಸತೊಡಗಿದಳು. ಜೊತೆಗೆ ಬೈರಮ್ಮನೂ ನೋಯುವ ಕೈಯಲ್ಲಿ ಆರಿಸಿದಳು. ಆ ದಿನ ಕಾರ್ಖಾನೆಯಲ್ಲಿ ಕೈಗೆ ಬಂದ ಬಿಡಿಭಾಗಗಳಲ್ಲಿ ಯಾವುದು ಯಾವ ಟ್ರೇಗೆ ಹೋಯಿತೋ ಅವಳಿಗೆ ನೆನಪಿಲ್ಲ. ಸಂಜೆ ಸೈಕಲ್ಲು ತಳ್ಳಿಕೊಂಡೇ ಮನೆಗೆ ಬಂದಳು.

ಉಪೇಂದ್ರ ಯಾರದೋ ಟೇಬಲ್ ಫ್ಯಾನು ಬಿಚ್ಚಿಕೊಂಡು ಕೂತಿದ್ದ. ಅವಳು ಹೆಲ್ಮೆಟ್ಟು ತೆಗೆಯದೆ ಅವನ ಮುಂದೆ ನಿಂತಳು.

“ಎಣ್ಣೆ ಅಲ್ಲ ಅಲ್ವಾ?”

ಅವನು ತಲೆ ಎತ್ತಿದ. ಅವಳ ಮುಖ ನೋಡಿದ ಮೇಲೆ ಸುಳ್ಳು ಹೇಳುವ ಧೈರ್ಯ ಬರಲಿಲ್ಲ.

“ಒಳಗೆ ಬಿಳಿ ವೈರು ಒಂದಿತ್ತು. ವೇಗ ಹಿಡಿದಿಡೋಕೆ ಅಂತ ಕಂಪನಿಯೋರು ಹಾಕಿರೋದು. ಅದರ ಕನೆಕ್ಷನ್ ಬಿಡಿಸ್ದೆ. ಮೋಟರ್‌ಗೆ ತಾಕತ್ತಿದೆ ಕಣೇ, ಸುಮ್ನೆ ಕೈ ಕಟ್ಟಿ ಹಾಕಿದಾರೆ.”

“ನನಗೆ ಹೇಳ್ಬೇಕು ಅನ್ನಿಸ್ಲಿಲ್ವಾ?”

“ಹೇಳಿದ್ರೆ ನೀನು ಒಪ್ತಿರ್‍ಲಿಲ್ಲ.”

ಅದು ನಿಜವಾಗಿತ್ತು. ಅವಳು ಬೆಳಗಿನದನ್ನೆಲ್ಲ ಹೇಳಿದಳು. ಉಪೇಂದ್ರ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನೆಲಕ್ಕಿಟ್ಟ. ಫ್ಯಾನಿನ ರೆಕ್ಕೆ ತಿರುಗಿಸುತ್ತ ತಗ್ಗಿದ ದನಿಯಲ್ಲಿ ಮಾತಾಡಿದ.

“ಒಂದಿನ ನಾನು ಬಸ್ಸಲ್ಲಿದ್ದೆ. ನೀನು ಕೆಳಗೆ ಹೋಗ್ತಾ ಇದ್ದೆ. ಒಂದು ಟೆಂಪೋ ನಿನ್ನ ಹಿಂದೆ ಹಿಂದೆನೇ ಬಂದು, ಮೈಗೆ ತಾಗೋ ಹಂಗೆ ಪಕ್ಕಕ್ಕೆ ತಗೊಂಡು ಹೋಯ್ತು. ನಿನಗೆ ಗೊತ್ತೇ ಆಗ್ಲಿಲ್ಲ. ನನಗೆ ಮೇಲಿಂದ ಕಾಣಿಸ್ತು ಸೀತಾ. ಜೀವ ಬಾಯಿಗೆ ಬಂತು. ಎಲ್ರ ಜೊತೆ ಎಲ್ರಷ್ಟು ವೇಗದಲ್ಲಿ ಹೋದ್ರೆ ಹಿಂದಿನಿಂದ ಯಾರೂ ಗುದ್ದಲ್ಲ ಅಂದ್ಕೊಂಡೆ.”

ಸೀತಾಲಕ್ಷ್ಮಿಯ ಸಿಟ್ಟು ಅರ್ಧ ಇಳಿದುಹೋಯಿತು. ಇಳಿಯಬಾರದಿತ್ತು ಎಂದು ಅವಳಿಗೆ ತನ್ನ ಮೇಲೇ ಕೋಪ ಬಂತು. ಮನುಷ್ಯ ಪ್ರೀತಿಯಿಂದ ಮಾಡಿದ ತಪ್ಪಿಗೆ ಬೈಯುವುದು ಬಹಳ ಕಷ್ಟದ ಕೆಲಸ. ಆದರೆ ಬೈರಮ್ಮನ ಮೊಣಕೈ ತರಚಿದ್ದೂ ಆ ಪ್ರೀತಿಯಿಂದಲೇ.

“ಆ ಟೆಂಪೋದಿಂದ ನಂಗೆ ಏನು ಅಪಾಯ ಇತ್ತೋ, ಅದನ್ನ ನಾನು ಬೈರಮ್ಮಂಗೆ ದಾಟಿಸ್ಬಿಟ್ಟೆ ಕಣ್ರೀ. ಆ ಪೊಲೀಸಪ್ಪ ಎಲ್ರ ಮುಂದೆ ನನ್ನ ಪರವಾಗಿ ಸುಳ್ಳು ಹೇಳ್ದ. ಪಾಪ, ಅದು ಸುಳ್ಳು ಅಂತ ಅವನಿಗೇ ಗೊತ್ತಿಲ್ಲ. ವೈರು ವಾಪಸ್ ಹಾಕಿ.”

“ಹಾಕ್ತೀನಿ. ಅದನ್ನ ಹೋಗಿ ಯಾರಿಗೂ ಹೇಳ್ಬೇಡ. ಗಾಡಿ ಸೀಜ್ ಮಾಡ್ಬಿಡ್ತಾರೆ. ಆಮೇಲೆ ಮತ್ತೆ ನನ್ನ ಸ್ಕೂಟರ್ ಹಿಂದೇನೇ ಕೂರ್‍ಬೇಕು ನೀನು.”

ಅವಳಿಗೂ ಇದ್ದದ್ದು ಅದೇ ಹೆದರಿಕೆ. ಸೈಕಲ್ಲು ಹೋದರೆ ಅದರ ಜೊತೆ ತಾನಾಗಿ ಹೋಗುವ, ತಾನಾಗಿ ಬರುವ ಬದುಕೂ ಹೋಗುತ್ತದೆ. ಮತ್ತೆ ಗೇಟಿನಲ್ಲಿ ಕಾಯುವುದು, ಮತ್ತೆ ಬೇಗ ಬೇಗ. ಆ ರಾತ್ರಿ ಅವಳಿಗೆ ಅನ್ನ ರುಚಿಸಲಿಲ್ಲ. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ, ವೈರು ಸೇರಿಕೊಂಡಿದೆ, ಗಾಯ ಮಾಯುತ್ತದೆ. ಶಿವರಾಜ್ ನಾಳೆಯೂ ದೂರದಿಂದ ಕೈ ಎತ್ತುತ್ತಾನೆ. ಆ ಎತ್ತಿದ ಕೈ ನೆನೆಸಿಕೊಂಡರೇ ಅವಳಿಗೆ ಸಂಕಟವಾಯಿತು.

ಬೆಳಗ್ಗೆ ಕಂಬದ ಹತ್ತಿರ ಇಳಿದು, ಸ್ಟ್ಯಾಂಡ್ ಹಾಕಿ, ವೈರಿನ ವಿಷಯವನ್ನು ಶಿವರಾಜ್‌ಗೆ ನೇರವಾಗಿ ಹೇಳಿದಳು. ಗಂಡ ಮಾಡಿದ್ದು ಎಂದು ಶುರು ಮಾಡಿದವಳು ನಡುವೆ ನಿಲ್ಲಿಸಿ, “ನಂಗೂ ಗೊತ್ತಾಗಿತ್ತು ಸಾರ್. ಗೊತ್ತಾಗದ ಹಾಗೆ ಇದ್ದೆ” ಎಂದಳು.

ಶಿವರಾಜ್‌ನ ಮುಖ ಕೆಂಪಗಾಯಿತು. “ಅಲ್ಲಮ್ಮ, ನಿಮ್ಮನ್ನ ನಂಬಿ ನಾನು ಆಯಮ್ಮನ್ನ ಬೈದೆನಲ್ಲ! ಅಷ್ಟು ಜನದ ಮುಂದೆ! ಅಷ್ಟು ಓಡೋ ಗಾಡಿ ಅಂದ್ರೆ ಅದು ಸೈಕಲ್ ಅಲ್ಲ, ಲೈಸೆನ್ಸು, ನಂಬರ್ರು, ಇನ್ಶೂರೆನ್ಸು ಎಲ್ಲಾ ಬೇಕು, ಗೊತ್ತಾ ನಿಮಗೆ? ಆಯಮ್ಮನ ತಲೆ ಒಡೆದಿದ್ರೆ ಏನ್ ಮಾಡ್ತಿದ್ರಿ?”

“ಗೊತ್ತು ಸಾರ್. ನೀವು ಏನ್ ಮಾಡಿದ್ರೂ ಸರಿ.”

ಅವನು ಸೈಕಲ್ಲನ್ನು ಕಿತ್ತುಕೊಂಡವನಂತೆ ಹಿಡಿದು ಹತ್ತಿದ. ಮೊಬೈಲು ನೋಡುತ್ತ ಅದೇ ಸುತ್ತು ಹೋಗಿ ಬಂದ. ಈ ಸಲ ಬೈರಮ್ಮ ನಗಲಿಲ್ಲ. ಇಪ್ಪತ್ತನಾಲ್ಕೇ ಬಂದಿತ್ತು. ಸೈಕಲ್ಲು ನಿಲ್ಲಿಸಿ, ಅವಳಿಗೆ ಕೊಡದೆ, ಅವನು ಬೈರಮ್ಮನ ಮುಂದೆ ಹೋಗಿ ನಿಂತ. ಬಸ್ಸಿಗೆ ಕಾಯುವವರೆಲ್ಲ ನೋಡುತ್ತಿದ್ದರು.

“ಬೈರಮ್ಮ, ನಿನ್ನೆ ತಪ್ಪು ನಿಂದಲ್ಲ. ಇವರು ಜೋರಾಗೇ ಬಂದಿದ್ರು. ಬೈದಿದ್ದು ನನ್ನ ತಪ್ಪು.”

“ನಂದು ಅದಕ್ಕಿಂತ ದೊಡ್ಡ ತಪ್ಪು ಬೈರಮ್ಮ,” ಎಂದಳು ಸೀತಾಲಕ್ಷ್ಮಿ. “ನೀನು ನಿಜ ಹೇಳ್ತಿದ್ದೆ. ನಾನು ಬಾಯಿ ಮುಚ್ಕೊಂಡಿದ್ದೆ.”

ಬೈರಮ್ಮ ಹೂವು ಕಟ್ಟುವುದನ್ನು ನಿಲ್ಲಿಸಲಿಲ್ಲ. “ಪೆಟ್ಟಾಗಿದ್ದು ಓಗ್ಲಿ ಬಿಡಕ್ಕ, ರಸ್ತೆ ಅಂದ್ಮೇಲೆ ಆಯ್ತದೆ. ನೀವು ನನ್ನ ಮಕಾನೇ ನೋಡ್ದಂಗೆ ಊವು ಆರಿಸ್ತಿದ್ರಲ್ಲ, ಅದು ಒಟ್ಟೆ ಉರಿಸ್ತು.” ಅಷ್ಟು ಹೇಳಿ ದಾರ ಹಲ್ಲಿನಲ್ಲಿ ಕಡಿದಳು.

ಶಿವರಾಜ್ ಸೈಕಲ್ಲು ಹಿಂದಿರುಗಿಸಿದ. “ಈಗ ಸರಿಯಾಗಿದೆ, ಅದಕ್ಕೇ ಬಿಡ್ತಾ ಇದೀನಿ. ಒಂದು ಮಾತು. ಇನ್ಮೇಲೆ ಯಾರಾದ್ರೂ ಹಿಡಿದ್ರೆ ನನ್ನ ಹೆಸರು ಹೇಳ್ಬೇಡಿ. ನಿಮ್ಮ ಗಾಡಿಗೆ ನೀವೇ ಜವಾಬು ಕೊಡಿ.”

ಸೈಕಲ್ಲು ಉಳಿಯಿತು. ಆದರೆ ಮರುದಿನ ಅವಳು ಹೋಗುವಾಗ ಶಿವರಾಜ್ ಕೈ ಎತ್ತಲಿಲ್ಲ. ಬೈರಮ್ಮ ಲೇಟಾ ಎಂದು ಕೇಳಲಿಲ್ಲ. ಬೈಗುಳಕ್ಕಿಂತ ಇದೇ ಅವಳಿಗೆ ಹೆಚ್ಚು ಚುಚ್ಚಿತು. ಇಪ್ಪತ್ತೈದರೊಳಗೆ ಹೋಗುವ ರಸ್ತೆ ಮತ್ತೆ ಉದ್ದವಾಯಿತು, ಹಾರ್ನುಗಳು ಮತ್ತೆ ಬೆನ್ನಿಗೆ ಬಿದ್ದವು, ಗೇಟಿನ ಟೀ ತಪ್ಪಿಹೋಯಿತು. ಮನೆಯಲ್ಲಿ ಉಪೇಂದ್ರ ತನ್ನ ಭಯಕ್ಕೆ ಬೇರೆ ಮದ್ದು ಹುಡುಕಿದ. ಹ್ಯಾಂಡಲ್ಲಿಗೆ ಕನ್ನಡಿ ಕೂರಿಸಿದ, ಸೀಟಿನ ಕೆಳಗೆ ಮಿನುಗುವ ಕೆಂಪು ದೀಪ ಹಾಕಿದ, ನೀಲಿ ಕೋಟಿನ ಬೆನ್ನಿಗೆ ಹೊಳೆಯುವ ಪಟ್ಟಿ ತಾನೇ ಹೊಲಿಗೆ ಮೆಷಿನ್ನಿನಲ್ಲಿ ಕೂತು ಹೊಲಿದ. ಹೊಲಿಗೆ ಸೊಟ್ಟಗಿತ್ತು, ಅವಳು ಅದನ್ನು ಬಿಚ್ಚಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಕಂಬದ ಹತ್ತಿರ ವಾಹನ ತಪಾಸಣೆ ನಡೆದಿತ್ತು. ಹೊಸದಾಗಿ ಬಂದ ಸಬ್‌ಇನ್‌ಸ್ಪೆಕ್ಟರ್ ಅವಳನ್ನು ಪಕ್ಕಕ್ಕೆ ಕರೆದರು. ನಂಬರ್ ಪ್ಲೇಟ್ ಎಲ್ಲಿ ಎಂಬ ಅದೇ ಹಳೆಯ ಪ್ರಶ್ನೆ. ಶಿವರಾಜ್ ಅಲ್ಲೇ, ಎರಡು ಹೆಜ್ಜೆಯ ಆಚೆ ನಿಂತಿದ್ದ. ಸೀತಾಲಕ್ಷ್ಮಿ ಅವನ ಕಡೆ ನೋಡಲಿಲ್ಲ.

“ಸಾರ್, ಇದು ಇಪ್ಪತ್ತೈದು ದಾಟಲ್ಲ. ಸೈಕಲ್ಲು. ಓಡಿಸಿ ನೋಡಿ.”

ಸಬ್‌ಇನ್‌ಸ್ಪೆಕ್ಟರ್ ಹುಬ್ಬೇರಿಸಿ ಶಿವರಾಜ್‌ನನ್ನು ಕೇಳಿದರು. “ಏನ್ರೀ, ನಿಮಗೆ ಗೊತ್ತಾ ಇವರು?”

ಶಿವರಾಜ್ ಎರಡು ಹೆಜ್ಜೆ ಮುಂದೆ ಬಂದ.

“ಗೊತ್ತು ಸಾರ್. ಒಳ್ಳೆಯವರು,” ಎಂದ. “ಆದ್ರೂ ಓಡಿಸಿ ನೋಡಿ ಸಾರ್.”

ಸೀತಾಲಕ್ಷ್ಮಿಯ ಕಣ್ಣು ತುಂಬಿ ಬಂತು. ಹೆಲ್ಮೆಟ್ಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಸೈಕಲ್ಲನ್ನು ಸಬ್‌ಇನ್‌ಸ್ಪೆಕ್ಟರ್ ಕೈಗೆ ಕೊಟ್ಟು, ಕಂಬದ ಪಕ್ಕ ಹೋಗಿ ನಿಂತಳು. ಅವರು ಗಂಭೀರವಾಗಿ ಹತ್ತಿ ಹೊರಟರು. ಅವಳಿಗೆ ಒಂದಿಷ್ಟೂ ಭಯವಾಗಲಿಲ್ಲ.

ಕೆಳಗಿನಿಂದ ಬೈರಮ್ಮನ ದನಿ ಬಂತು.

“ಏನಕ್ಕಾ, ಇವತ್ತೂ ಲೇಟಾ?”

“ಹೂಂ ಬೈರಮ್ಮ,” ಎಂದಳು ಸೀತಾಲಕ್ಷ್ಮಿ. “ಇವತ್ತೂ ಲೇಟು.”